ಸುಹಾಸನ ಹಿಂದಿನ ಚಕ್ರ

೧೧ ಜನವರಿ ೧೯೯೮, ಭಾನುವಾರ
ಶಿರಸಿಯಲ್ಲಿ ಪ್ರಾಕ್ಟೀಸ್. ಮೂವತ್ತು ಸುತ್ತು. ಕಾರ್ಬುರೇಟರ್ ಮತ್ತೆ ಬಿಚ್ಚಿದ್ದಾಯಿತು. ಸುಹಾಸನ ಬೈಕು ನನ್ನದಕ್ಕಿಂತ ಹೊಸದು, ಆದರೆ ತಿರುವಿನಲ್ಲಿ ಅವನು ನನ್ನನ್ನು ಹಿಡಿಯಲಾರ. ಅವನಿಗೂ ಗೊತ್ತು. ಒಂದೇ ಟೀಮು, ಒಂದೇ ಬುತ್ತಿ. ಮುಂದಿನ ತಿಂಗಳು ಯಲ್ಲಾಪುರದ ಮಣ್ಣಿನ ಡರ್ಟ್ ಟ್ರ್ಯಾಕಿನಲ್ಲಿ ಬೈಕ್ ರೇಸು. ಇಬ್ಬರಲ್ಲಿ ಒಬ್ಬ ಚಾಂಪಿಯನ್.

೨೬ ಫೆಬ್ರವರಿ, ಹುಬ್ಬಳ್ಳಿ ಆಸ್ಪತ್ರೆ
ಇವತ್ತು ಪೆನ್ನು ಹಿಡಿದೆ. ಯಲ್ಲಾಪುರದ ರೇಸಿನ ಕೊನೆಯ ಸುತ್ತು. ನಾನು ಮುಂದೆ. ತಿರುವಿನಲ್ಲಿ ವಾಲಿ ಎಡಗಾಲು ನೆಲಕ್ಕೆ ಊರಿದ್ದೆ. ಸುಹಾಸ ಒಳಗಿನಿಂದ ನುಗ್ಗಿ ಚಕ್ರವನ್ನು ನನ್ನ ಮೊಣಕಾಲಿಗೇ ಹೊಡೆದ. ಹೊಡೆಯುವ ಮೊದಲು ನೋಡಿದ. ಗಾಗಲ್ಸ್ ಒಳಗಿನ ಕಣ್ಣು ಕಂಡಿತ್ತು. ಕಪ್ ಅವನಿಗೆ. ಮೈಕಿನಲ್ಲಿ ಹೇಳಿದನಂತೆ—ಸತೀಶ ಬ್ಯಾಲೆನ್ಸ್ ತಪ್ಪಿ ಬಿದ್ದ, ಪಾಪ.
ಪಾಪವಂತೆ.

೩ ಮಾರ್ಚ್
ಸುಹಾಸ ಬಂದ. ಮೂಸಂಬಿ ತಂದಿದ್ದ.
"ನಾ ಮುಟ್ಟಲೇ ಇಲ್ಲ ಮಾರಾಯ. ನೀನೇ ಜಾರಿದ್ದು."
"ಮುಖ ನೋಡಿ ಹೇಳು."
ನೋಡಲಿಲ್ಲ. ಮೂಸಂಬಿ ಪಕ್ಕದ ಮಂಚದವರಿಗೆ ಕೊಟ್ಟೆ.

೧೬ ಜನವರಿ ೨೦೦೦, ಕೋಲಸಿರ್ಸಿ
ಮೊಣಕಾಲು ಇನ್ನು ಮಡಚುವುದಿಲ್ಲ. ಡಾಕ್ಟರ್ ಕೈಚೆಲ್ಲಿದರು. ಗೇರಿನ ಲಿವರ್ ಬಗ್ಗಿಸಿಕೊಂಡೆ, ಹಿಮ್ಮಡಿಗೆ ಸಿಗುವ ಹಾಗೆ. ಕೊಯ್ದ ಗದ್ದೆಯಲ್ಲಿ ಹತ್ತು ಸುತ್ತು. ಎಡ ತಿರುವಿಗೆ ಕಾಲು ಚಾಚಲೇಬೇಕು—ನನ್ನದು ಚಾಚಿಯೇ ಇದೆ. ನಕ್ಕೆ. ಎರಡು ವರ್ಷದಲ್ಲಿ ಮೊದಲ ಸಲ.

೯ ಫೆಬ್ರವರಿ ೨೦೦೧, ಬೆಳಿಗ್ಗೆ ೭
ನಾಡಿದ್ದು ಯಲ್ಲಾಪುರ. ಸುಹಾಸನೂ ಬರುತ್ತಾನೆ. ಅದೇ ತಿರುವಿನಲ್ಲಿ ಅವನ ಕಾಲು ಮುರಿಯಬೇಕು. ಹೆಂಡತಿಗೆ ಹೇಳಿಯೂ ಬಿಟ್ಟೆ. ಚೇತನಾ ದೋಸೆ ಮಗುಚುತ್ತಿದ್ದಳು.
"ಅವರ ಕಾಲು ಮುರಿದ್ರೆ ನಿಮ್ದು ಮಡಚ್ತದಾ?"
"ಇಲ್ಲ. ನಿದ್ದೆ ಬರ್ತದೆ."

೧೧ ಫೆಬ್ರವರಿ
ಗೆದ್ದೆ. ಹೊಡೆಯಲಿಲ್ಲ. ತಿರುವಿನಲ್ಲಿ ಅವನ ಹಿಂದಿನ ಚಕ್ರಕ್ಕೂ ನನಗೂ ಒಂದು ಗೇಣು. ಸುಹಾಸ ತಿರುಗಿ ನೋಡಿದ. ಆಕ್ಸಿಲರೇಟರ್ ಬಿಟ್ಟುಬಿಟ್ಟ. ಪಕ್ಕಕ್ಕೆ ಸರಿದ... ಹೊಡೆಯಲು ಏನೂ ಉಳಿಯಲಿಲ್ಲ.
ಆಮೇಲೆ ಹತ್ತಿರ ಬಂದು ಮೆಲ್ಲಗೆ, "ಆವತ್ತು ನಾನೇ ಹೊಡೆದದ್ದು ಸತೀಶ. ತಪ್ಪಾಯ್ತು."
"ಮೈಕ್ ಅಲ್ಲಿದೆ. ಹೋಗಿ ಹೇಳು."
ಹೋಗಲಿಲ್ಲ.

೧೦ ಫೆಬ್ರವರಿ ೨೦೦೨
ಮತ್ತೆ ಚಾಂಪಿಯನ್. ಇಡೀ ರೇಸು ಅವನ ಬೆನ್ನಿಗೇ ಅಂಟಿಕೊಂಡಿದ್ದೆ, ನನ್ನ ಇಂಜಿನ್ ಸದ್ದು ಕೇಳುತ್ತಲೇ ಇರಲಿ ಎಂದು. ಕೊನೆಗೆ ದಾಟಿದೆ. ಗಾಡಿ ಇಳಿದವನು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲಾಗದೆ ಅಲ್ಲೇ ನೆಲಕ್ಕೆ ಕೂತ. ನೋಡಿ ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ.

೯ ಫೆಬ್ರವರಿ ೨೦೦೩
ಮೂರನೇ ಕಪ್. ಬಹುಮಾನದ ಹೊತ್ತಿಗೆ ಸುಹಾಸ ತಾನಾಗಿಯೇ ಮೈಕ್ ಹಿಡಿದ.
"ತೊಂಬತ್ತೆಂಟರಲ್ಲಿ ಸತೀಶ ತಾನಾಗಿ ಬಿದ್ದದ್ದಲ್ಲ. ನಾನು ಬೇಕಂತಲೇ ಹೊಡೆದೆ. ಆ ಕಪ್ ಅವನದ್ದು."
ಮೊದಲ ಸಾಲಿನಲ್ಲಿದ್ದ ಅವನ ಅಪ್ಪ ಎದ್ದು ಹೋದರು. ಸುಹಾಸ ನನ್ನತ್ತ ಕೈ ಚಾಚಿದ. ನಾನು ಹಿಡಿಯಲಿಲ್ಲ.
ಬಸ್ಸಿನಲ್ಲಿ ಚೇತನಾ ಕೇಳಿದಳು, "ಈಗಾದ್ರೂ ಸಮಾಧಾನ ಆಯ್ತಾ?"
ಕಿಟಕಿ ಕಡೆ ತಿರುಗಿ ಕೂತೆ. ಐದು ವರ್ಷ ಕಾದ ಮಾತು. ಅರ್ಧ ನಿಮಿಷದಲ್ಲಿ ಮುಗಿದುಹೋಯಿತು.

೨ ಮಾರ್ಚ್, ಸಂಜೆ
ಸುಹಾಸನ ಫೋನು. ರೇಸು ಬಿಟ್ಟನಂತೆ. ಗಾಡಿ ಮಾರುತ್ತಾನಂತೆ.
"ಇನ್ನು ನಾ ಬರೋದಿಲ್ಲ. ನೀ ಆರಾಮಾಗಿ ಗೆಲ್ಲು."
"ಮಾರಬೇಡ" ಎಂದೆ.
"ಎಂತಕ್ಕೆ?"
ಮುಂದಿನ ವರ್ಷ ಯಾರ ಬೆನ್ನು ನೋಡಿಕೊಂಡು ಓಡಿಸಲಿ? ಅದನ್ನು ಅವನ ಹತ್ತಿರ ಹೇಳಲಾಗುತ್ತದೆಯೇ... "ಇನ್ನೂ ಮುಗಿದಿಲ್ಲ" ಎಂದೆ.
"ನಂದು ಮುಗೀತು ಸತೀಶ." ಇಟ್ಟುಬಿಟ್ಟ.
ಹೀಗೆ ಬಿಡುವುದಿಲ್ಲ. ನಾಳೆ ಮೊದಲ ಬಸ್ಸಿಗೆ ಅವನ ಮನೆಗೇ ಹೋಗುತ್ತೇನೆ. ಹೋಗಿ, ಅವನ ಎದುರು ನಿಂತು ಹೇಳುತ್ತೇನೆ: ಗಾಡಿ ಇಟ್ಟುಕೋ, ಮುಂದಿನ ವರ್ಷ ಬಾ, ನೀನಿಲ್ಲದೆ ನನಗೆ ರೇಸಿಲ್ಲ.