ಕೊಳದಪ್ಪಲೆಯ ಕಲಾಯಿ

ಮಳವಳ್ಳಿ

ಪಕ್ಷದ ತಾಲ್ಲೂಕು ಅಧ್ಯಕ್ಷರಾದ ಸುದರ್ಶನ್ ಅವರಿಗೆ, ಅರ್ಚಕರ ಮನೆಯ ಸರಸಮ್ಮ ಬರೆಯುವುದು.

ಕಳೆದ ನಾಲ್ಕು ಚುನಾವಣೆಯಲ್ಲೂ ನಿಮಗೇ ವೋಟು ಹಾಕಿದವಳು ನಾನು. ಧರ್ಮ ಉಳಿಸುತ್ತೀರಿ ಅಂತ ಹಾಕಿದೆ. ಆ ಸಲಿಗೆಯಲ್ಲಿ ಒಂದು ಬುದ್ಧಿಮಾತು.

ನಾಳಿದ್ದು ಧನುರ್ಮಾಸ ಶುರು. ದೇವರಿಗೆ ಹುಗ್ಗಿ ಬೇಯಿಸುವ ಹಿತ್ತಾಳೆ ಕೊಳದಪ್ಪಲೆಯ ಒಳಗಿನ ಕಲಾಯಿ ಪೂರ್ತಿ ಹೋಗಿದೆ. ಪ್ರತಿ ವರ್ಷ ಹಲಗೂರಿನ ಜಬ್ಬಾರ್ ಸಾಬರು ಬಂದು, ಗುಡಿಯ ಅಂಗಳದಲ್ಲೇ ಒಲೆ ಹೂಡಿ, ತವರ ಕಾಯಿಸಿ ಕಲಾಯಿ ಹಾಕಿಕೊಡುತ್ತಿದ್ದರು. ಹೋದ ವಾರ ಬಂದವರನ್ನು ನಿಮ್ಮ ಕಾರ್ಯಕರ್ತರು ಬಾಗಿಲಲ್ಲೇ ತಡೆದು, ಒಲೆಗೆ ಗಾಳಿ ಊದುವ ತಿದಿಯನ್ನು ಚರಂಡಿಗೆ ಎಸೆದರು. ಆಮೇಲೆ ನಾನೇ ಫೋನ್ ಮಾಡಿ ಮತ್ತೆ ಕರೆದೆ. "ಬ್ಯಾಡ ಬುಡಿ ಅಮ್ಮಾರೇ, ಈ ವಯಸ್ನಲ್ಲಿ ಒದೆ ತಿನ್ನಕ್ಕೆ ನಾನು ಬರಕಿಲ್ಲ" ಅಂದರು.

ಕಲಾಯಿಯಿಲ್ಲದ ಹಿತ್ತಾಳೆ ಕಿಲುಬು ಬಿಡುತ್ತದೆ. ಅದನ್ನೇ ದೇವರ ಮುಂದಿಡಲೇ? ಧರ್ಮ ಉಳಿಸುವುದು ಅಂದರೆ ಇದೇನಾ? ನಿಮ್ಮ ಕೇಸರಿ ಶಾಲಿನವರಲ್ಲಿ ಯಾರಿಗಾದರೂ ಕಲಾಯಿ ಹಾಕಲು ಬಂದರೆ ಇವತ್ತೇ ಕಳಿಸಿ. ಬಾರದಿದ್ದರೆ ನೀವೇ ಹಲಗೂರಿಗೆ ಹೋಗಿ, ತಪ್ಪಾಯಿತು ಅಂತ ಹೇಳಿ, ಹೊಸ ತಿದಿ ಕೊಟ್ಟು, ಅವರನ್ನು ನಿಮ್ಮ ಕಾರಿನಲ್ಲಿ ಕೂರಿಸಿಕೊಂಡು ಬನ್ನಿ. ಅಲ್ಲಿಯವರೆಗೆ ವೋಟು ಕೇಳಲು ನನ್ನ ಹೊಸಿಲು ತುಳಿಯಬೇಡಿ.

ಇನ್ನೊಂದು ಮಾತು. ಹೋದ ತಿಂಗಳು ಗುಡಿಯಲ್ಲಿ ನಿಮ್ಮ ಸಭೆಯಾದಾಗ ಮೂರು ಸಲ ಕೇಳಿ ಪುಳಿಯೋಗರೆ ಹಾಕಿಸಿಕೊಂಡಿರಿ. ಅದನ್ನು ಮಾಡಿದ್ದು ಇದೇ ಕೊಳದಪ್ಪಲೆಯಲ್ಲಿ. ಜಬ್ಬಾರ್ ಸಾಬರ ಕಲಾಯಿ ಅವತ್ತಿಗೆ ಇನ್ನೂ ಉಳಿದಿತ್ತು.

ಸರಸಮ್ಮ