ಹಬೆ ಪೈಪಿನ ಮೇಲೆ ಕೈ

೧೪ ಜೂನ್ ೧೯೯೪, ಮಂಗಳವಾರ

ಗ್ಲಾಸ್‌ವುಲ್ ಅನ್ನೋ ಗಾಜಿನ ನಾರು ಚುಚ್ಚಿ ಬೆರಳೆಲ್ಲ ಕಡಿಯುತ್ತಿದೆ. ಆದರೂ ಬರೆಯಲೇಬೇಕು. ದಾಬಸ್‌ಪೇಟೆಯಲ್ಲಿ ಪೈಪ್ ಕೆಲಸದವರ ಯೂನಿಯನ್ ಶೆಡ್ಡಿನಲ್ಲಿ ಇವತ್ತು ಹಬೆ ಪೈಪಿಗೆ ಅದನ್ನು ಸುತ್ತುವ ಪರೀಕ್ಷೆ. ಹದಿನೆಂಟು ವರ್ಷ ಮಗ್ಗದಲ್ಲಿ ನೂಲು ಬಿಗಿದ ಕೈ ನನ್ನದು. ಇಲ್ಲೂ ಬಿಗಿದೇ ಸುತ್ತಿಬಿಟ್ಟೆ.

“ಪೈಪಿಗೆ ಸೀರೆ ಉಡಿಸ್ತಿದ್ದೀಯೇನಮ್ಮಾ? ಹಿಂಗೆ ಅಮುಕಿದ್ರೆ ಒಳಗೆ ಗಾಳಿ ಎಲ್ಲಿರುತ್ತೆ? ಶಾಖ ಹೆಂಗೆ ತಡೆಯುತ್ತೆ?” ಎಂದರು ಕಲಿಸುವ ಚಲಪತಿ ಮೇಷ್ಟ್ರು. ಗಂಡಸರೆಲ್ಲ ನಕ್ಕರು.

ಬಿಚ್ಚಿದೆ. ಸಡಿಲವಾಗಿ ಮತ್ತೆ ಸುತ್ತಿದೆ. ಹಬೆ ಬಿಟ್ಟ ಮೇಲೆ, “ಈಗ ಕೈ ಇಡಿ ಮೇಷ್ಟ್ರೇ” ಅಂದೆ. ಇಟ್ಟರು, ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ನಕ್ಕವರಿಗೆ, ನಿಮ್ಮ ನಿಮ್ಮ ಪೈಪು ಮುಟ್ಟಿ ಎಂದು ಮೇಷ್ಟ್ರು ಹೇಳಿದರೆ ಒಬ್ಬನೂ ಮುಂದೆ ಬರಲಿಲ್ಲ.

ಪರೀಕ್ಷೆ ಪಾಸಾದೆ. ನಾಳೆ ಯೂನಿಯನ್ ಕಾರ್ಡಿಗೆ ಫೋಟೊ ತೆಗೆಸಬೇಕು. ನಾನೇ ನೇಯ್ದ ಸೀರೆ ಉಟ್ಟು ಕೂರುತ್ತೇನೆ. ಯಾರು ನಗುತ್ತಾರೋ ನೋಡುತ್ತೇನೆ.