ಸೀಳುಗೊರಸಿನ ಕುದುರೆ

ನೆರೆ ಇಳಿದ ಇನ್ನೂರ ಹದಿನಾಲ್ಕನೆಯ ವರ್ಷ, ಖರ್ಜೂರ ಕೊಯ್ಲಿನ ತಿಂಗಳು, ಆರನೆಯ ದಿನ. ನಿಮ್ಮ ಎಣಿಕೆಯಲ್ಲಿ ಇದು ಸುಮಾರು 2790 ಇರಬಹುದು ಎಂದು ಹಿರಿಯರು ಹೇಳುತ್ತಾರೆ.

ಹಿಂದಿನ ಕಾಲದ ದೊಡ್ಡವರಿಗೆ ನೈಲ್ ದಂಡೆಯ ಕಲ್ಲುಕೇರಿಯಿಂದ ಹೊಳೆವ್ವನ ನಮಸ್ಕಾರ. ನಾನು ನಾಲ್ಕನೆಯ ತರಗತಿಯವರೆಗೆ ಓದಿದವಳು. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ನಿಮ್ಮ ಎಷ್ಟೋ ಮಾತುಗಳು ನಮ್ಮನ್ನು ಮುಟ್ಟುವ ಹೊತ್ತಿಗೆ ಸವೆದುಹೋಗಿವೆ. ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಇಪ್ಪತ್ತು ತುಂಬಿದವರು ಒಂದನ್ನು ಬರೆದು ತಮ್ಮ ಮನೆತನದ ಕಲ್ಲಿನ ಬುಡದಲ್ಲಿ ಹೂಳುತ್ತಾರೆ. ಅದು ನಿಮಗೆ ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಸಭೆಯಲ್ಲಿ ಬಾಯಿ ಬಿಡದ ನನ್ನಂಥವಳಿಗೆ ಉತ್ತರ ಬಾರದ ಕಡೆಗೆ ಬರೆಯುವುದೇ ಸುಲಭ.

ನಮ್ಮ ಹಿರಿಯರು ಬಾದಾಮಿ ಕಡೆಯ ಕಲ್ಲುಕೆಲಸದವರು. ಸಮುದ್ರದ ನೀರು ಏರಿ, ಈ ನಾಡಿನ ಹಳೆಯ ರಾಜರ ಗುಡಿಗಳನ್ನು ಬಿಚ್ಚಿ ಎತ್ತರಕ್ಕೆ ಸಾಗಿಸಬೇಕಾದಾಗ ಬಂದವರು ಇಲ್ಲೇ ಉಳಿದರು. ಅಂದಿನಿಂದ ಮನೆಗೊಂದು ಕಲ್ಲುಪಾಲು, ಅಂದರೆ ತಲೆತಲಾಂತರಕ್ಕೂ ಆ ಮನೆಯವರೇ ನೋಡಿಕೊಳ್ಳಬೇಕಾದ ಕಲ್ಲು. ನಮ್ಮ ಪಾಲಿಗೆ ಬಂದದ್ದು ಕುದುರೆ ಏರಿದ ರಾಜನ ಉಬ್ಬುಚಿತ್ರವಿರುವ ಕಲ್ಲು. ತೀರ ಹಳೆಯ ರಾಜರು ರಥದಲ್ಲಿ ನಿಂತು ಬಿಲ್ಲು ಎಳೆಯುತ್ತಾರೆ. ಕುದುರೆಯ ಬೆನ್ನಿನ ಮೇಲೆ ಕೂತವನು ಅಪರೂಪ. ನಮ್ಮವನು ಗ್ರೀಕರ ವಂಶದವನಂತೆ. ತಲೆಯ ಮೇಲೆ ಮಾತ್ರ ಈ ನಾಡಿನ ಎತ್ತರದ ಜೋಡಿ ಕಿರೀಟ, ಕೈಯಲ್ಲಿ ಉದ್ದನೆಯ ಈಟಿ. ಕುದುರೆಯ ಹೊಟ್ಟೆಯಿಂದ ಕೆಳಗೆ ಕಲ್ಲು ಮುರಿದುಹೋಗಿತ್ತು.

ಆ ಕಾಲುಗಳನ್ನು ಹೊಸ ಕಲ್ಲಿನಲ್ಲಿ ಕಡೆದು ಕೂಡಿಸಿದವಳು ನನ್ನ ಆಯಿ ಬಾಳವ್ವ, ನನ್ನ ಅಪ್ಪನ ತಾಯಿ. ಕುದುರೆಜ್ವರ ಬಂದು ಲೋಕದ ಕೊನೆಯ ಕುದುರೆ ಸತ್ತು ಆಗಲೇ ನೂರು ವರ್ಷವಾಗಿತ್ತು. ನಿಮ್ಮ ಕಾಲದ ಚಿತ್ರಗಳೆಲ್ಲ ಯಂತ್ರಗಳೊಳಗೇ ಇದ್ದು ಯಂತ್ರಗಳ ಜೊತೆಗೇ ಹೋದವು. ರಥಗಳನ್ನು ಕೆತ್ತಿದ ಗುಡಿಗೋಡೆಗಳ ಬುಡವನ್ನು ಉಪ್ಪು ತಿಂದಿದೆ. ಅಲ್ಲಿನ ಕುದುರೆಗಳಿಗೆ ಮೊಣಕಾಲಿನ ಕೆಳಗೆ ಏನೂ ಉಳಿದಿಲ್ಲ. ಆಯಿ ನಮ್ಮ ಎತ್ತನ್ನು ಮುಂದೆ ನಿಲ್ಲಿಸಿಕೊಂಡು, ಅದರ ಕಾಲು ನೋಡಿ ಕಡೆದಳು.

ನಾನು ಬೆಳೆದದ್ದು ಆ ಕಾಲುಗಳ ನೆರಳಲ್ಲಿ. ಕನ್ನಡಿಯಲ್ಲಿ ಬಿಸಿಲು ಹಿಡಿಯುವ ಬಿಸಿಲೊಲೆಯ ಮೇಲೆ ಆಯಿ ರೊಟ್ಟಿ ಬೇಯಿಸುವಳು. ಅದಕ್ಕೆ ಖರ್ಜೂರದ ಬೆಲ್ಲ ಸವರಿ, ಸುರುಳಿ ಸುತ್ತಿ, ಇಬ್ಬರೂ ತಿನ್ನುತ್ತ ಕಲ್ಲಿನ ಹತ್ತಿರ ಹೋಗುತ್ತಿದ್ದೆವು. ವರ್ಷಕ್ಕೊಮ್ಮೆ ಪಡಿಯಚ್ಚು ತೆಗೆಯುವ ದಿನ. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬಿರುಸು ಕುಂಚದಿಂದ ಬಡಿದು, ಒಣಗಿದ ಮೇಲೆ ಬಿಡಿಸಿದರೆ ಕಲ್ಲಿನ ಉಬ್ಬುತಗ್ಗು ಕಾಗದಕ್ಕೆ ಬಂದಿರುತ್ತದೆ. ಅದು ಒಣಗುವವರೆಗೆ ಆಯಿ ಕುದುರೆಯ ಓಟದ ಸದ್ದು ಹೀಗಿತ್ತಂತೆ ಎಂದು ತೊಡೆಯ ಮೇಲೆ ಎರಡೂ ಅಂಗೈ ಬಡಿದು ಕೇಳಿಸುವಳು. ಅವಳಿಗೂ ಅದು ಯಾರೋ ಹೇಳಿದ್ದು. ಈಗಲೂ ಕಣ್ಣು ಮುಚ್ಚಿದರೆ ನನಗೆ ಆ ಸದ್ದು ಕೇಳುತ್ತದೆ.

ಕಳೆದ ತಿಂಗಳು ಕಾಲುವೆಯ ಹೂಳು ಎತ್ತುವಾಗ ನನ್ನ ಸಲಿಕೆಗೆ ಒಂದು ಚೂರು ತಾಗಿತು. ಅದೇ ಕಲ್ಲು, ಅದೇ ಬಣ್ಣ. ಅದರ ಮೇಲೆ ಒಂದೇ ಒಂದು ಗೊರಸು, ಬೋರಲು ಹಾಕಿದ ಬಟ್ಟಲಿನಂತೆ ದುಂಡಗೆ. ನಡುವೆ ಸೀಳಿರಲಿಲ್ಲ. ನಮ್ಮಲ್ಲಿ ಒಂದು ಕಟ್ಟಳೆ ಇದೆ: ನಿಜವಾದ ಚೂರು ಸಿಕ್ಕ ಮೇಲೆ ಊಹೆಯ ಕೆಲಸ ಕಲ್ಲಿನಲ್ಲಿ ಇರಬಾರದು, ಅದನ್ನು ಹಾಕಿದ ಮನೆಯವರೇ ತೆಗೆಯಬೇಕು. ಅಪ್ಪ ಇಲ್ಲ. ಆಯಿಗೆ ಕಣ್ಣು ಕಾಣುವುದಿಲ್ಲ. ಉಳಿದದ್ದು ನನ್ನ ಕೈ. ಚೂರನ್ನು ಹಿಟ್ಟಿನ ಡಬ್ಬಿಯ ತಳದಲ್ಲಿ ಬಚ್ಚಿಟ್ಟೆ.

ಒಂಬತ್ತು ದಿನ ಅದು ಅಲ್ಲಿತ್ತು. ಹತ್ತನೆಯ ದಿನ ಹಿಟ್ಟು ತಳ ಸೇರಿದ್ದನ್ನು ನಾನು ಗಮನಿಸಲಿಲ್ಲ, ರೊಟ್ಟಿಗೆಂದು ಕೈ ಹಾಕಿದ ಆಯಿಗೆ ಸಿಕ್ಕಿತು. ತುಂಬ ಹೊತ್ತು ಬೆರಳಾಡಿಸಿದಳು.

"ಇದು ಸೀಳಿಲ್ಲಲ್ಲ, ಹೊಳೆವ್ವಾ," ಎಂದಳು. "ಐವತ್ತು ವರ್ಷ ಅರಸನ್ನ ಎತ್ತಿನ ಕಾಲ ಮ್ಯಾಲ ಓಡಿಸೀನಿ. ಎಷ್ಟು ದಣದಾನೋ ಪಾಪ."

ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಚೂರನ್ನು ಮತ್ತೆ ಕಾಲುವೆಗೆ ಹಾಕುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ.

"ನಿನಗ ಗೊತ್ತಾಗೇತಲ್ಲ. ನೀನ ತಗಿ. ಬ್ಯಾರೆಯವರ ಉಳಿ ಅದಕ್ಕ ತಾಗೂದು ಬ್ಯಾಡ."

ಇಂದು ಮಧ್ಯಾಹ್ನ ಅವಳು ಕಡೆದ ಕಾಲುಗಳ ಕೊನೆಯ ಪಡಿಯಚ್ಚು ತೆಗೆದೆವು. ಕಾಗದವನ್ನು ನಾನು ಹಾಸಿದೆ, ಕುಂಚದಿಂದ ಆಯಿಯೇ ಬಡಿದಳು. ಈ ಪತ್ರ ಬರೆದಿರುವುದು ಅದರ ಬೆನ್ನಿಗೆ. ನಾಳೆ ಬೆಳಿಗ್ಗೆ ಉಳಿ ಹಚ್ಚುತ್ತೇನೆ. ಸಿಕ್ಕ ಒಂದು ಗೊರಸು ತನ್ನ ಜಾಗಕ್ಕೆ ಹೋಗುತ್ತದೆ. ಉಳಿದ ಮೂರರ ಜಾಗ ಖಾಲಿ ಇರುತ್ತದೆ.

ನಿಮ್ಮ ಕಾಲದಲ್ಲಿ ಕುದುರೆಗಳು ಬೀದಿಯಲ್ಲೇ ನಡೆಯುತ್ತಿದ್ದವಂತೆ. ಒಂದನ್ನು ಹಸಿ ಮಣ್ಣಿನ ಮೇಲೆ ನಡೆಸಿ, ಆ ಹೆಜ್ಜೆಗಳನ್ನು ಇಟ್ಟಿಗೆಯಂತೆ ಸುಟ್ಟು, ನೀರು ಏರದ ಕಡೆ ಹೂತಿಡಿ. ನಾವು ಅಗೆಯುವ ಜನ, ಎಂದಾದರೂ ಸಿಗುತ್ತದೆ.

ಈಗ ಹಾಳೆ ತಿರುಗಿಸಿ ನೋಡಿ. ಅಲ್ಲಿರುವ ನಾಲ್ಕು ಸೀಳುಗೊರಸು ಬಾಳವ್ವನವು. ನಿಮಗೆ ನಗು ಬಂದರೆ ನಗಿ, ಆದರೆ ಆಯಿ ನಕ್ಕ ಹಾಗೆ ನಗಿ.